ಭಾನುವಾರ ನೋಡಲು ಬರುತ್ತಾರೆ

ಮೀನು ಬೇಡ ಅಕ್ಕ, ಎಂದರು ಬ್ರೋಕರ್ ಖಾದರಾಕ,
ಶುಕ್ರವಾರದಿಂದಲೇ ಬೇಡ.
ಬರುವವರು ತಿನ್ನುವವರೇ, ಆದರೂ
ಮನೆ ನೋಡಲು ಬಂದಾಗ ಯಾರಿಗೂ
ಇನ್ನೊಬ್ಬರ ಬಂಗುಡೆ ಹಿಡಿಸುವುದಿಲ್ಲ.

ಹಾಗಾಗಿ ಮೂರು ದಿನ ತೊಂಡೆಕಾಯಿ.
ಲೋಹಿತಾಕ್ಷರು ತಟ್ಟೆಯ ಮುಂದೆ ಕೂತು
ಮಾರುವುದು ಮನೆಯೋ ನಾಲಗೆಯೋ ಎಂದರು.
ನಾನು ಅಡುಗೆಮನೆಯ ಗೋಡೆ ತಿಕ್ಕುತ್ತಿದ್ದೆ.
ಇಪ್ಪತ್ತೊಂಬತ್ತು ವರ್ಷದ ಒಗ್ಗರಣೆ
ಸೋಡಾಪುಡಿಗೆಲ್ಲ ಜಗ್ಗುವುದಿಲ್ಲ,
ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ
ಸುರುಳಿ ಸುರುಳಿ ಬರುತ್ತದೆ.
ಒಂದನ್ನು ಮೂಸಿದೆ. ಏನೂ ಇಲ್ಲ. ಬರೀ ಹಳತು.

ಹಿಂಬಾಗಿಲು ಕುಂಯ್ ಎನ್ನುತ್ತಿತ್ತು, ತೆಂಗಿನೆಣ್ಣೆ ಬಿಟ್ಟೆ.
ಆ ಕುಂಯ್ಯಿನ ಉದ್ದ ಕೇಳಿಯೇ
ಬಂದರಿನ ರಾತ್ರಿ ಪಾಳಿ ಮುಗಿಸಿ ಬಂದದ್ದು ಇವರೋ
ಅಥವಾ ಬೆಕ್ಕೋ ಎಂದು ತಿಳಿಯುತ್ತಿತ್ತು ನನಗೆ.
ಈಗ ಇಬ್ಬರೂ ಒಂದೇ ತರ ಬರುತ್ತಾರೆ.

ಪೈಂಟಿನ ಸಂಜೀವ ಕೇಳಿದ, ಈ ಒದ್ದೆ ಕಲೆ ಏನು ಮಾಡುವ?
ಕಪಾಟಿನ ಹಿಂದೆ, ಮಲಗಿದ ಎಮ್ಮೆಯಷ್ಟು.
ಎರಡು ಕೋಟು ಹೊಡೆದರೆ
ಮಳೆಗಾಲದವರೆಗೆ ಏಳುವುದಿಲ್ಲ ಅಂತೆ.
ಎಮ್ಮೆ ಎರಡು ಕೋಟು ಹೊದ್ದುಕೊಂಡಿತು.
ಡಬ್ಬದ ಮೇಲೆ ಬಣ್ಣದ ಹೆಸರು ಮುಂಜಾವಿನ ಬೆಣ್ಣೆ.
ನೋಡಿದರೆ ಬಿಳಿ.

ದೇವರ ಫೋಟೊ ಮೂರು ಇರಲಿ, ಉಳಿದದ್ದು ಚೀಲಕ್ಕೆ.
ಹಗಲಲ್ಲೂ ಎಲ್ಲ ಲೈಟು ಹಾಕಿ.
ಹಳೇ ಹಾಸಿಗೆ, ಅರೆಯುವ ಕಲ್ಲು, ಹೆರೆಮಣೆ
ಪಕ್ಕದ ಸೆಲಿನ್ ಬಾಯಿಯ ಶೆಡ್ಡಿಗೆ.
ಎಲ್ಲ ಮಾಡಿದೆ.
ಬಾವಿಯ ಮಾತು ಬಂದಾಗ ಮಾತ್ರ ಖಾದರಾಕ ದನಿ ಇಳಿಸಿದರು:
ಅದಕ್ಕೇ ಮಾರ್ಚಿನಲ್ಲಿ ತೋರಿಸುವ ಎಂದದ್ದು.
ಕೇಳಿದರೆ ಹೇಳುವ. ಕೇಳದಿದ್ದರೆ,
ನೀರು ಉಂಟು ಎಂದರೆ ಅದು ಸುಳ್ಳಲ್ಲವಲ್ಲ.

ಬೋಳೂರಿನವರಿಗಾದರೆ ಹೇಳಬೇಕಾಗಿಯೇ ಇಲ್ಲ.
ಹೊಳೆ ಇಳಿದು ಕಡಲು ಒಳಗೆ ಹತ್ತುವ ದಿನಗಳಲ್ಲಿ
ನಮ್ಮ ಬಾವಿಯೂ ಪಕ್ಷ ಬದಲಿಸುತ್ತದೆ.
ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ,
ಗಂಜಿಗೆ ಉಪ್ಪು ಹಾಕಿದೆನೋ ಎಂದು ಯೋಚಿಸುವ ಕೆಲಸವಿಲ್ಲ.

ಬಂದರು, ವಿಟ್ಲದ ಕಡೆಯವರು.
ಸೊಸೆ ಟೇಪು ಹಿಡಿದು ಫ್ರಿಜ್ಜಿನ ಜಾಗ ಅಳೆದಳು,
ಮಗ ಗೋಡೆಗೆ ಬೆರಳಿನಿಂದ ಕುಟ್ಟಿ ಕುಟ್ಟಿ
ಎಮ್ಮೆಯ ಹತ್ತಿರದವರೆಗೂ ಹೋಗಿ ಹಿಂದೆ ಬಂದ.
ಅತ್ತೆ ಒಳಗೆ ಕಾಲೇ ಇಡಲಿಲ್ಲ.
ಸೀದಾ ಬಾವಿಕಟ್ಟೆಗೆ ಹೋಗಿ, ಸೆರಗು ಸಿಕ್ಕಿಸಿ,
ಒಂದು ಕೊಡಪಾನ ಎಳೆದು,
ಬೊಗಸೆಯಲ್ಲಿ ಕುಡಿದರು.
ಕಣ್ಣು ಮುಚ್ಚಿ ಕುಡಿದರು, ಎಷ್ಟೋ ದೂರ ನಡೆದು ಬಂದವರ ಹಾಗೆ.
ಒಳ್ಳೆ ಸಿಹಿ ಉಂಟು ಮಾರಾಯ್ತಿ ನಿಮ್ಮ ನೀರು.

ಖಾದರಾಕ ನಕ್ಕರು. ಇವರು ನಕ್ಕರು.
ನಾನೂ ನಕ್ಕೆ, ಗೇಟಿನವರೆಗೆ ನಗುತ್ತಲೇ ಬಂದೆ,
ಕಾರಿನ ಬಾಗಿಲು ಹಾಕುವಾಗ
ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು:
ಮೇ ತಿಂಗಳಲ್ಲಿ ಉಪ್ಪಾಗುತ್ತದೆ.

ಎಷ್ಟು ದಿನ?
ಮಳೆ ಬರುವವರೆಗೆ.
ಹಾಂ, ಎಂದರು ಅವರು. ಅಷ್ಟೇ.
ಗಾಜು ಮೇಲೇರಿತು.

ಹನ್ನೊಂದು ದಿನವಾಯಿತು. ಫೋನಿಲ್ಲ.
ಖಾದರಾಕ ದಾರಿಯಲ್ಲಿ ಸಿಕ್ಕರೆ ಮೊಬೈಲು ನೋಡುತ್ತಾರೆ.
ಮನೆ ಎಷ್ಟು ಚೊಕ್ಕವಾಗಿದೆಯೆಂದರೆ
ಎಲ್ಲಿ ಕೂರುವುದು ತಿಳಿಯದೆ ನಾವಿಬ್ಬರೂ
ಜಗಲಿಯ ಮೆಟ್ಟಿಲಲ್ಲೇ ಇರುತ್ತೇವೆ.
ಕಾಯಿ ತುರಿಯಬೇಕಾದರೆ ಸೆಲಿನ್ ಬಾಯಿಯಲ್ಲಿ
ನಮ್ಮದೇ ಹೆರೆಮಣೆ ಸಾಲ ಕೇಳುತ್ತೇನೆ.

ಇವತ್ತು ಏಪ್ರಿಲ್ ಮೂರು.
ಬೆಳಿಗ್ಗೆ ಚಹಾದಲ್ಲಿ, ಸಕ್ಕರೆಯ ಅಡಿಗೆ, ಏನೋ ಇತ್ತು.
ಇವರ ಮುಖ ನೋಡಿದೆ.
ಇವರು ಲೋಟದ ಒಳಗೆ ನೋಡುತ್ತಿದ್ದರು.
ನಾನು ಹೇಳಿದ್ದು ಮೇ ತಿಂಗಳು.