ಮೂರು ತಿಂಗಳ ಫೀಸು

ಮಗ ಎರಡೇ ವಾರಕ್ಕೆ ಕರಾಟೆ ಬಿಟ್ಟ.
ಕಟ್ಟಿದ್ದು ಮೂರು ತಿಂಗಳಿಗೆ, ಸಾವಿರದೈನೂರು.
ವಾಪಸ್ ಕೇಳಲು ಹೋದೆ. ವೆಂಕಟರವಣ ಮೇಷ್ಟ್ರು
ಬಸ್ ಡಿಪೋದ ಗ್ರೀಸು ಇನ್ನೂ ಉಗುರಲ್ಲಿರುವಂತೆಯೇ
ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತ
'ದುಡ್ಡು ಬರಲ್ಲಕ್ಕ, ಬದಲಿಗೆ ಯಾರಾದ್ರೂ ಬನ್ನಿ' ಎಂದರು.
ಯಾರಾದ್ರೂ ಅಂದರೆ ಮನೆಯಲ್ಲಿ ನಾನೇ ಇದ್ದೆ.

ಹೀಗೆ, ಮೂವತ್ತೊಂಬತ್ತನೇ ವಯಸ್ಸಿಗೆ,
ಶಿಡ್ಲಘಟ್ಟದ ಸರ್ಕಾರಿ ಶಾಲೆಯ ಹಿಂದಿನ ಗಾರೆ ಅಂಗಳದಲ್ಲಿ
ಹದಿನೇಳು ಮಕ್ಕಳ ಸಾಲಿನ ಕೊನೆಗೆ
ಚೂಡಿದಾರದ ಪ್ಯಾಂಟಿನ ಮೇಲೆ ಮಗನ ಬಿಳಿ ಅಂಗಿ ತೊಟ್ಟು ನಿಂತೆ.
ತೋಳು ಮೊಣಕೈಗೇ ಮುಗಿದಿತ್ತು.
ಎರಡು ತಿಂಗಳು ಗಾಳಿಗೆ ಹೊಡೆದೆ.
ಗಾಳಿ ತಿರುಗಿ ಹೊಡೆಯುವುದಿಲ್ಲ,
ಹಾಗಾಗಿ ನನಗೂ ಬರುತ್ತದೆ ಅಂದುಕೊಂಡಿದ್ದೆ.

ಆ ಶನಿವಾರ ಕೈಗವಸು ಕೊಟ್ಟರು.
ಯಾರದೋ ಬೆವರು ಒಳಗಿನ್ನೂ ಒದ್ದೆ.
ಎದುರಿಗೆ ನಿಖತ್, ಒಂಬತ್ತನೇ ಕ್ಲಾಸು,
ನನ್ನ ಭುಜದೆತ್ತರ, ತಲೆಗೆ ಕಪ್ಪು ಬಟ್ಟೆ ಬಿಗಿದವಳು.
ಅವಳಪ್ಪ ನಮ್ಮ ಫಿಲೇಚರಿಗೆ ಗೂಡು ತಂದುಹಾಕುವ ಆಟೋದವರು.
'ನಮಸ್ಕಾರ ಅಶ್ವತ್ಥಕ್ಕ' ಎಂದಳು
ಹಲ್ಲಿಗೆ ಕಚ್ಚಿದ ರಬ್ಬರಿನ ಸಂದಿಯಿಂದ.
ಮೇಷ್ಟ್ರು 'ಶುರು' ಅಂದರು.
ನಾನು ಇನ್ನೂ ಅವಳ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹುಡುಕುತ್ತಿದ್ದೆ.

ಮೊದಲು ಬಂದದ್ದು ನೋವಲ್ಲ, ನಾಚಿಕೆ.
ಆಮೇಲೆ ಕಣ್ಣೀರು, ಅಳುವೇ ಇಲ್ಲದ ಕಣ್ಣೀರು,
ಈರುಳ್ಳಿ ಹೆಚ್ಚುವಾಗ ಬರುವಂಥದ್ದು.
ಕಲಿತದ್ದೆಲ್ಲ, ಎಡಗಾಲು ಮುಂದೆ, ಗಲ್ಲ ಕೆಳಗೆ, ಉಸಿರು,
ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ಎಲ್ಲೋ.
ಅವಳ ಮುಷ್ಟಿ ಬಂದಾಗಲೆಲ್ಲ ಕಣ್ಣು ತಾನೇ ಮುಚ್ಚುತ್ತಿತ್ತು,
ನೋಡದಿದ್ದರೆ ಬೀಳುವುದಿಲ್ಲವೇನೋ ಎಂಬಂತೆ.
'ಕಣ್ಣು ತೆಗೀರಕ್ಕ!'
ತೆಗೆದೆ. ಒಳಕ್ಕೆ ಬೆವರು ಇಳಿಯಿತು.
ಒಂದು ಸಲ ನಾನೂ ಕೈ ಬೀಸಿದೆ, ಏನಕ್ಕೂ ತಾಕಲಿಲ್ಲ,
ಆದರೂ 'ಸಾರಿ' ಎಂದೆ.
ಮಕ್ಕಳು ನಕ್ಕರು. ನಾನೂ ನಕ್ಕೆ.
ನಗುವಾಗ ಪಕ್ಕೆಗೊಂದು.

ಒಂದು ಸುತ್ತಿಗೆ ಎರಡೇ ನಿಮಿಷವಂತೆ.
ಕುದಿನೀರಿನ ಮುಂದೆ ದಿನಕ್ಕೆ ಒಂಬತ್ತು ಗಂಟೆ ಕೂರುವವಳು ನಾನು,
ಎರಡು ನಿಮಿಷ ಇಷ್ಟುದ್ದ ಇರುತ್ತದೆಂದು ಗೊತ್ತಿರಲಿಲ್ಲ.

ಗೂಡು ಬೇಯುವಾಗ
ಎಳೆಯನ್ನು ನಾವು ಕಣ್ಣಿನಿಂದ ಹುಡುಕುವುದಿಲ್ಲ.
(ನಮ್ಮಲ್ಲಿ ಹುಳು ಚಿಟ್ಟೆಯಾಗುವುದೂ ಇಲ್ಲ,
ಆ ಮಾತು ಶಾಲೆಯ ಗೋಡೆ ಬರಹಕ್ಕೆ.)
ಬೆರಳು ನೀರಿಗಿಳಿದು, ಸುಟ್ಟು, ಸುಟ್ಟದ್ದನ್ನು ಮರೆತು,
ಕೂದಲಿಗಿಂತ ತೆಳುವಾದ ಏನೋ ತೊಡರಿದಾಗ
'ಸಿಕ್ಕಿತು' ಅನ್ನುವುದು ಕೈ.
ಕಡಿಯುವ ಎಳೆ ಕಡಿಯುವ ಮುಂಚೆ
ಒಂಚೂರು ನಡುಗುತ್ತದೆ.
ಅದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ.

ನಿಖತಳ ಬಲಭುಜ
ಒಂಚೂರು ನಡುಗಿತು.

ಎಡಗೈ ಎದ್ದಿತು. ನಾನು ಎತ್ತಿದ್ದಲ್ಲ.
ಅವಳ ಮುಷ್ಟಿ ನನ್ನ ಮುಂಗೈಗೆ ಬಡಿದು ನಿಂತಿತು.
ಬಲಗೈ ಹೋಗಿ ಅವಳ ಎದೆಗವಚ ಮುಟ್ಟಿತು,
ಮಲಗಿದವರ ಮನೆಯ ಕದ ತಟ್ಟಿದಷ್ಟು.

'ನೋವಾಯ್ತೇನಮ್ಮ?' ಕೇಳಿದೆ.
ಉತ್ತರವಾಗಿ ಹೊಟ್ಟೆಗೆ ಒದ್ದಳು.

ಗಾರೆಯ ಮೇಲೆ ಕೂತಿದ್ದೆ. ಎಬ್ಬಿಸಲು ಬಂದಳು.
ಬೆಂದ ಹುಳದ ವಾಸನೆ ಎಷ್ಟು ಸೋಪು ಉಜ್ಜಿದರೂ
ನನ್ನನ್ನು ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿರುತ್ತದೆ.
ಅವಳು ಮುಖ ತಿರುವಲಿಲ್ಲ,
ಅವಳ ಅಂಗಿಗೂ ಅದೇ ವಾಸನೆ.
ರಬ್ಬರು ತೆಗೆದು, ಜೊಲ್ಲು ಒರೆಸಿಕೊಂಡು,
'ಚೆನ್ನಾಗಿ ತಡೆದ್ರಿ ಅಕ್ಕ. ಆದ್ರೆ ಹೊಡೆದ್ಮೇಲೆ ಕೇಳ್ಬಾರ್ದು.'

ರಾತ್ರಿ ನಮ್ಮವರು ಮೂಗು ನೋಡಿದರು.
'ಯಾರು ಹೊಡೆದದ್ದು?'
ನಮ್ಮ ಬೀದಿಯಲ್ಲಿ ಈ ಪ್ರಶ್ನೆಗೆ
ಹೆಂಗಸರ ಬಳಿ ಹಳೆಯದೊಂದು ಉತ್ತರವಿದೆ:
ಕತ್ತಲಲ್ಲಿ ಬಾಗಿಲು ತಾಗ್ತು.
ನಾನು 'ಒಂಬತ್ತನೇ ಕ್ಲಾಸಿನ ಹುಡುಗಿ' ಅಂದೆ,
ಸೊಸೈಟಿಯಲ್ಲಿ ಬಹುಮಾನ ಬಂದವಳ ಹಾಗೆ.
ಮಗ ಟಿವಿ ಬಿಟ್ಟು ತಿರುಗಿದ.
'ನೀನು ತಡೆದ್ಯಾ?'
'ಒಂದನ್ನ.'

ಮುದ್ದೆ ನುಂಗುವಾಗ ಪಕ್ಕೆ ಚುಳ್ಳೆಂದಿತು.
ಫೀಸಿನಲ್ಲಿ ಇನ್ನೂ ಹನ್ನೊಂದು ದಿನ ಇದೆ.