ಬೆಲೆಯ ಜಾಗ ಖಾಲಿ

ಮೂವತ್ತೊಂದು ವರ್ಷ ನಾನು ಪುಸ್ತಕ ಕಟ್ಟಿದೆ.
ಬರೆದು ಅಲ್ಲ, ಸಣಬಿನ ಹುರಿಯಿಂದ.
ಕಲೀನಾ, ವಿಶ್ವವಿದ್ಯಾಲಯದ ಪ್ರಕಾಶನ, ನೆಲಮಾಳಿಗೆ:
ಕಂದು ಕಾಗದ, ಅರಗು, ಅಂಚೆಚೀಟಿ ಒದ್ದೆ ಮಾಡುವ ಸ್ಪಂಜು,
ಹಿತ್ತಾಳೆ ಬಟ್ಟಲಿನ ತಕ್ಕಡಿಯೊಂದು,
ಅದರ ಹಿಂದೆ ದೂಮ ಕುಂದರ್, ಅಂದರೆ ನಾನು.
ಯಾವ ಗ್ರಂಥ ಎಷ್ಟು ಗ್ರಾಂ, ಕೇಳಿ, ಹೇಳುತ್ತೇನೆ.
ಒಳಗೇನಿದೆ ಎಂದು ಮಾತ್ರ ಕೇಳಬೇಡಿ.

ಹೋದ ವರ್ಷ ಮೇಲಿನಿಂದ ಸುತ್ತೋಲೆ ಇಳಿಯಿತು:
ಇನ್ನು ನಮ್ಮ ಪುಸ್ತಕಗಳೆಲ್ಲ ಮುಕ್ತ.
"ಮುಕ್ತ ಅಂದರೆ, ಮೇಡಂ, ನನಗೆ ನಿವೃತ್ತಿಯೇ?"
ಸಂಪಾದಕಿ ಸಬ್ನಿಸ್ ನಕ್ಕರು, ಆಮೇಲೆ ನಗಲಿಲ್ಲ.
ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು,
ಹಂಚಬಹುದು, ಬರೆದವರ ಹೆಸರೊಂದು ಇದ್ದರೆ ಸಾಕು.
ಕಾಸು ಬೇಡ. ಕಟ್ಟು ಬೇಡ.
ಕಟ್ಟು ಬೇಡ ಎಂದದ್ದು ಅವರಲ್ಲ,
ನಾನೇ ಕೇಳಿಸಿಕೊಂಡದ್ದು.

ಈ ಸಲದ ಪುಸ್ತಕ ವೆಸಾವೆಯ ಕೋಳಿ ಹೆಂಗಸರ ಮಾತುಗಳದು.
ಕೋಳಿ ಅಂದರೆ ಇಲ್ಲಿ ಬೆಳಿಗ್ಗೆ ಕೂಗುವುದಲ್ಲ, ಬಲೆ ಬೀಸುವವರು.
ಅಮಾವಾಸ್ಯೆಯ ಉಬ್ಬರಕ್ಕೊಂದು ಹೆಸರು,
ಅಷ್ಟಮಿಯ ಸೋಮಾರಿ ನೀರಿಗೊಂದು,
ಐಸು ಕರಗುವ ಮೊದಲು ಇಳಿಸುವ ಕೊನೆಯ ದರಕ್ಕೆ ಒಂದು.
ಬಿಡುಗಡೆಯ ದಿನ ಬಿಚ್ಚಲು ಏನೂ ಇರಲಿಲ್ಲ.
ಮುಖ್ಯ ಅತಿಥಿ ಒಂದು ಗುಂಡಿ ಒತ್ತಿದರು.
ಗೋಡೆಯ ಮೇಲೆ ಸಣ್ಣ ಚಕ್ರ ತಿರುಗಿತು,
ತಿರುಗಿತು, ಫ್ಯಾನಿಗಿಂತ ನಿಧಾನ.
ಯಾರೋ ಕೆಮ್ಮಿದರು. ಬಟಾಟೆ ವಡೆ ಆರಿತು.
ಆಮೇಲೆ ಪುಸ್ತಕ ಬಂತಂತೆ. ಚಪ್ಪಾಳೆ.

ನೀರು ಹುಡುಕುತ್ತ ನನ್ನ ಕೋಣೆಗೆ ಇಳಿದವಳು ಹೌಶಾಬಾಯಿ ವೈತಿ,
ಆ ಮಾತುಗಳಲ್ಲಿ ಅರ್ಧ ಅವಳವೇ.
ಕಚ್ಚೆ ಸೀರೆ, ಹಿಂದೆ ಫೋನು ಹಿಡಿದ ಮೊಮ್ಮಗ.
ಸಮಾರಂಭಕ್ಕೆಂದು ಅಚ್ಚು ಹಾಕಿದ ಐದರಲ್ಲಿ ಒಂದು ಪ್ರತಿ ಮೇಜಿನ ಮೇಲಿತ್ತು.
ಮಗುಚಿ ಹಾಕಿ ಬೆನ್ನು ನೋಡಿದಳು.
"ಎಷ್ಟು ಇದಕ್ಕೆ?"
ಬೆಲೆಯ ಜಾಗ ಖಾಲಿ ಎಂದೆ.
"ಬೆಲೆಯಿಲ್ಲದ ಮೀನು ಕೊಳೆತ ಮೀನು."
ಅವಳದು ಮರಾಠಿ, ನಾನು ಹೆಜಮಾಡಿಯ ಮೀನು ಬುಟ್ಟಿಯ ಮಗ.
ಅನುವಾದ ಬೇಕಾಗಲಿಲ್ಲ.

"ಒಂದು ಪಾಪ್ಲೆಟ್ ನಿನಗೆ ಕೊಟ್ಟರೆ
ನನ್ನ ಬುಟ್ಟಿಯಲ್ಲಿ ಒಂದು ಕಡಿಮೆ. ಇದು?"
ಇದು ಕಡಿಮೆ ಆಗುವುದಿಲ್ಲ, ಬಾಯಿ,
ಇವನ ಫೋನಿಗೂ ಬರುತ್ತದೆ, ಇಲ್ಲಿಯೂ ಉಳಿಯುತ್ತದೆ.
ಸೆರಗಿನಿಂದ ಬೆವರು ಒರೆಸಿಕೊಂಡು ಯೋಚಿಸಿದಳು.
"ಹಾಗಾದರೆ ಇದು ಮೀನಲ್ಲ. ಬೈಗುಳ."

ಕೋಟೆ ಪೇಟೆಯ ರಾತ್ರಿ ಶಾಲೆಯಲ್ಲಿ
ಏಳು ಹೋಟೆಲ್ ಹುಡುಗರಿಗೆ ಪಾಠದ ಪುಸ್ತಕ ಒಂದೇ.
ನೆಲದ ಮೇಲಿಟ್ಟು ಸುತ್ತ ಕೂತು ಓದುವುದು,
ಎಲ್ಲರಿಗಿಂತ ತಡವಾದವನು ಹೂಂ ಎಂದರೆ ಹಾಳೆ ತಿರುವುವುದು.
ನನ್ನ ಜಾಗ ಎದುರುಗಡೆ.
ಹಾಗಾಗಿ ತಲೆಕೆಳಗಾಗಿ ಓದುವುದು
ನನಗೆ ಮೊದಲು ಬಂತು, ನೆಟ್ಟಗೆ ಆಮೇಲೆ.

ಹುಡುಗ ಫೋನು ಮೇಜಿನ ಮೇಲಿಟ್ಟ. ಅಜ್ಜಿಗೆ ಅಕ್ಷರ ಬಾರದು.
ಅವನು ಆ ಕಡೆಯಿಂದ ತಡವರಿಸಿದ,
ಈ ಕಡೆಯಿಂದ ನಾನು ಓದಿದೆ,
ಇನ್ನೂರ ಹನ್ನೆರಡನೆಯ ಪುಟ, ತಲೆಕೆಳಗು:
ಉಧಾಣ, ಭಾಂಗ್, ಬಾಂಗಡಾ.
ಬಾಂಗಡಾ ಅಂದರೆ ನಮ್ಮ ಬಂಗುಡೆಯೇ, ಎಂದೆ.
"ಮತ್ತಿನ್ನೇನು, ಸಮುದ್ರ ಎರಡಿದೆಯೇ?" ಎಂದಳು,
ಇನ್ನೂ ಓದು ಎಂದಳು,
ಒಂದು ಕಡೆ ತಡೆದು, ಅದು ತಪ್ಪು, ನಾನು ಹಾಗೆ ಹೇಳಿಲ್ಲ ಎಂದಳು.
ಬರೆದುಕೊಂಡೆ. ಈಗ ತಿದ್ದಬಹುದಂತೆ, ಅದೊಂದು ಸುಖ.

ಅವಳು ಹೋದ ಮೇಲೆ ನೋಡಿದರೆ
ತಕ್ಕಡಿಯ ಬಟ್ಟಲಲ್ಲಿ ಹಳೆ ಪೇಪರಿನ ಪೊಟ್ಟಣ, ಒಣ ಬೊಂಬಿಲ್.
ನೆಲಮಾಳಿಗೆ ಪೂರ್ತಿ ವಾಸನೆ.
ಅಭ್ಯಾಸ ಬಿಡದು: ಹುರಿ ಎಳೆದು ಅಡ್ಡ ಒಂದು, ಉದ್ದ ಒಂದು, ಗಂಟು.
ನಾನೂರ ಇಪ್ಪತ್ತು ಗ್ರಾಂ.
ವಿಳಾಸದ ಜಾಗದಲ್ಲಿ
ನನ್ನ ಹೆಸರನ್ನೇ ಬರೆದೆ.