ಹತ್ತಿದವನು ನಾನೇ

ಕೂರು ಮಗಳೇ, ಚಾಪೆ ಒಣಗಿದೆ.
ಕೂಚಿಂಗಿನಿಂದ ತಂದ ಬಿಸ್ಕತ್ತಿನ ಡಬ್ಬಿ ಅಲ್ಲಿ ಮೇಲಿಡು,
ಮಕ್ಕಳ ಕಣ್ಣಿಗೆ ಬೀಳದ ಹಾಗೆ.
ಆ ಮರದ ಕತೆ ತಾನೇ?
ಹೇಳುತ್ತೇನೆ. ಹತ್ತಿದವನು ನಾನೇ.

ಆಗ ನನಗೆ ಇಪ್ಪತ್ತಾರು,
ಮೊಣಕಾಲು ಮಾತು ಕೇಳುತ್ತಿದ್ದ ಕಾಲ.
ಮೆಲಾಬು ಹೊಳೆಯ ಮೇಲೆ ಉದ್ದ ದೋಣಿಯಲ್ಲಿ ನಾಲ್ವರು ಬಂದರು,
ಹಳೆ ಪತ್ರಿಕೆಯ ಕಟ್ಟು, ಬಟ್ಟೆ ಚೀಲ, ಸ್ಪಿರಿಟ್ಟಿನ ವಾಸನೆ.
ಕಂಡ ಗಿಡದ್ದೆಲ್ಲ ಒಂದೊಂದು ಕಿಲೋ ಬೇಕು ಅಂದರು,
ಎಲೆ ಬೇರೆ, ಕಡ್ಡಿ ಬೇರೆ, ತೊಗಟೆ ಬೇರೆ.
"ಯಾವ ಕಾಯಿಲೆಗೆ?" ಅಂದಳು ಸೋದರತ್ತೆ ಲೆಮೊಕ್.
ಅವಳಿಗೆ ಮೊದಲು ನೋವು, ಆಮೇಲೆ ಎಲೆ.
"ಇನ್ನೂ ಗೊತ್ತಿಲ್ಲ" ಅಂದರು.
ಬಾಯಿ ತುಂಬ ನಕ್ಕಳು ಮುದುಕಿ:
"ಕತ್ತಲಲ್ಲಿ ಬಲೆ ಬೀಸುವವರು!"
ಕತ್ತಲಲ್ಲೂ ಮೀನು ಬೀಳುತ್ತದೆ. ಅದು ಅವಳಿಗೂ ಗೊತ್ತಿತ್ತು.

ದಿನಕ್ಕೆ ಎಂಟು ರಿಂಗಿಟ್. ಊಟ ನನ್ನದೇ.
ಜೌಗಿನ ಅಂಚಿನಲ್ಲಿ ಆ ಬಿಂತಾಂಗೋರ್,
ಗೀರಿದರೆ ಹಳದಿ ಹಾಲು, ಬೆರಳಿಗೆ ಅಂಟಿದರೆ ಮೂರು ದಿನ.
ನಮಗದು ಮದ್ದಲ್ಲ ಮಗಳೇ,
ಹಾಯಿಕಂಬದ ಮರ, ದೋಣಿಹಲಗೆಯ ಮರ.
ಲೆಮೊಕ್‌ಳ ಬುಟ್ಟಿಯಲ್ಲಿ ಅದರ ಒಂದು ಎಲೆಯೂ ಇರಲಿಲ್ಲ.
ಒಂದು ರೆಂಬೆ ಕಡಿದು ಕೆಳಗೆ ಬಿಟ್ಟೆ.
ಚೀಲದ ಮೇಲೆ ಏನೋ ಸಂಖ್ಯೆ ಬರೆದರು.

ಎರಡು ವರ್ಷ, ಒಂದು ಕಾಗದವಿಲ್ಲ.

ಆಮೇಲೆ ಒಂದು ದಿನ ದೋಣಿ ದಡ ಮುಟ್ಟುವ ಮೊದಲೇ
ಡಾಕ್ಟರ್ ಹಾಲ್ವರ್ಸನ್ ನೀರಿಗೆ ಧುಮುಕಿ ಬಂದ,
ಬಿಸಿಲಿಗೆ ಸುಲಿದ ಮೂಗು, ಒದ್ದೆ ಬೂಟು.
ಸಾವಿರ ಚೀಲಗಳಲ್ಲಿ ಅದೊಂದೇ ಚೀಲವಂತೆ,
ಸೀಸೆಯೊಳಗೆ ಅದರ ಕಷಾಯದ ಹನಿ ಬಿದ್ದಾಗ
ಮದ್ದೇ ಇಲ್ಲವೆಂದ ಜಡ್ಡಿನ ಬೀಜ
ಮೊಳೆಯುವುದು ನಿಂತುಹೋಯಿತಂತೆ.
"ಮರ ತೋರಿಸು, ಬೇಗ ತೋರಿಸು."

ಬೊಡ್ಡೆ ತೋರಿಸಿದೆ.

ಬೊಡ್ಡೆಯ ಮೇಲೆ ಆಗಲೇ ಅಣಬೆ ಎದ್ದಿತ್ತು.
ಯಾರು ಕಡಿದರು ಅಂತ ಅವನು ಕೇಳಲಿಲ್ಲ,
ಏನು ಮಾಡಿದಿರಿ ಅಂತ ಕೇಳಿದ.
"ತೊಲೆ" ಅಂದೆ. "ಹಳೆಯದನ್ನು ಗೆದ್ದಲು ತಿಂದಿತ್ತು.
ಸೆಂದಿಗೆ ಎಂಟು ತಿಂಗಳಾಗಿತ್ತು."
ಬಹಳ ಹೊತ್ತು ಆ ಬೊಡ್ಡೆಯ ಮೇಲೇ ಕೂತ.
"ಒಳ್ಳೆ ಮರ" ಅಂದ, ಅಷ್ಟೆ.

ಹನ್ನೊಂದು ದಿನ ಹುಡುಕಿದೆವು, ಜಿಗಣೆಗೆ ರಕ್ತ ಕೊಡುತ್ತಾ.
ಅದೇ ಎಲೆ ಸಿಕ್ಕಿತು, ಅದೇ ಹಳದಿ ಹಾಲು,
ಮೂಸಿದರೆ ಅದೇ ವಾಸನೆ.
ಮರ ಹತ್ತಿ ಹತ್ತಿ ನನ್ನ ಎದೆಯ ಚರ್ಮ ಸುಲಿಯಿತು.
ಸೀಸೆ ಮಾತ್ರ ಒಪ್ಪಲಿಲ್ಲವಂತೆ.
ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೂ ಗುಣ ಬೇರೆ;
ಮರಕ್ಕೂ ಹಾಗೆಯೇ ಅಂತ ನನಗೇನು ಗೊತ್ತು?
ಅದು ನಿಂತಿದ್ದ ಮಣ್ಣೋ, ಕಡಿದ ಯಾವುದೋ ಹುಳುವೋ,
ಅದರದೇ ಒಂದು ಹಟವೋ.

ಈಗ ನೀನು ಫೋನಿನಲ್ಲಿ ತೋರಿಸುತ್ತೀಯ:
ದಪ್ಪ ಹಾಳೆಗೆ ಅಂಟಿಸಿದ ಕಂದು ಎಲೆ, ಕೆಳಗೆ ಚೀಟಿ.
ಹತ್ತಿದವನ ಹೆಸರಿಗೆ ಅದರಲ್ಲಿ ಜಾಗವಿಲ್ಲ.
ಕಡಿದವನ ಹೆಸರಿಗೂ ಇಲ್ಲ,
ಅದೊಂದು ಉಪಕಾರ.

ದೂರದ ಊರಿನಲ್ಲಿ ಆ ಜಡ್ಡಿಗೆ ಆಮೇಲೆ
ಬೇರೆಯೇ ಮಾತ್ರೆಗಳು ಬಂದವು ಅಂತೀಯ.
ಒಳ್ಳೆಯದೇ ಆಯಿತು.
ಬರುವ ಮೊದಲಿನ ವರ್ಷಗಳಲ್ಲಿ ಎಷ್ಟು ಜನ?
ಬೇಡ, ಲೆಕ್ಕ ಹೇಳಬೇಡ.

ನೋಡುತ್ತಲೇ ಇದ್ದೀಯಲ್ಲ, ಹೌದು, ಇದೇ ತೊಲೆ.
ಹೊಗೆ ಕುಡಿದು ಕಪ್ಪಾಗಿದೆ.
ಒಂದು ಚೂರು ಕೆರೆದುಕೊಳ್ಳಲೇ ಅಂತೀಯ,
ಇದರಿಂದ ಏನು ತಿಳಿಯುತ್ತದೋ ನನಗೆ ಗೊತ್ತಾಗುವುದಿಲ್ಲ.
ಕೆರೆದುಕೋ. ನಿನ್ನ ಚಾಕು ಸಣ್ಣದು.
ಆದರೆ ಸ್ವಲ್ಪ ತಡಿ,
ಜೋಲಿ ಅದಕ್ಕೇ ಕಟ್ಟಿದೆ.
ಮೊಮ್ಮಗಳು ಈಗ ತಾನೇ ಕಣ್ಣು ಮುಚ್ಚಿದ್ದಾಳೆ.